ದೊಡ್ಡಮ್ಮನ ಸೀರೆ ಉದ್ದವಾಯಿತು

"ಈಚೆಗೆ ಯಾವ ಸೀರೆ ಉಟ್ಟರೂ ನೆಲ ಗುಡಿಸುತ್ತೆ ಕಣೇ" ಎಂದು ದೊಡ್ಡಮ್ಮ ಗೊಣಗಿದಾಗ ನಾವೆಲ್ಲ ನಕ್ಕಿದ್ದೆವು. ಸೊಂಟದ ಹತ್ತಿರ ಇನ್ನೊಂದು ಮಡಿಕೆ ಹಾಕಿ ಸಿಕ್ಕಿಸಿಕೊಳ್ಳಿ ಎಂದೆವು. ಅಡುಗೆಮನೆಯ ಮೇಲ್ಹಲಗೆಯಲ್ಲಿದ್ದ ಹುಣಸೆಹಣ್ಣಿನ ಭರಣಿ ಒಂದು ದಿನ ಕಟ್ಟೆಗೆ ಇಳಿಯಿತು. ಅದನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಬೆನ್ನುನೋವೆಂದು ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ವಿಚಿತ್ರವಾಗಿತ್ತು: "ವಯಸ್ಸಿನಲ್ಲಿ ಎಷ್ಟು ಎತ್ತರ ಇದ್ದಿರಿ?"

ಯಾರಿಗೆ ನೆನಪಿರುತ್ತದೆ? ಆದರೆ ದೊಡ್ಡಮ್ಮ ಪಾವಗಡದ ಕಡೆ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿದವರು. ಸರ್ಕಾರಿ ನೌಕರರ ಸೇವಾ ಪುಸ್ತಕದ ಮೊದಲ ಪುಟದಲ್ಲಿ ಗುರುತಿನ ಮಚ್ಚೆಯ ಜೊತೆಗೆ ಎತ್ತರವನ್ನೂ ಬರೆದಿರುತ್ತಾರೆ. ಅದರ ಜೆರಾಕ್ಸ್ ಟ್ರಂಕಿನ ತಳದಲ್ಲಿ ಸಿಕ್ಕಿತು. 5 ಅಡಿ 2 ಇಂಚು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಅಳೆದರೆ ಈಗ 5 ಅಡಿಗೂ ಅರ್ಧ ಇಂಚು ಕಮ್ಮಿ. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಎರಡು ಮಣಿಗಳು ಮುಂದಿನಿಂದ ಕುಸಿದು ಬೆಣೆಯ ಹಾಗಾಗಿದ್ದವು. ಯಾವಾಗ ಮುರಿದವು ಎಂದರೆ ದೊಡ್ಡಮ್ಮನಿಗೆ ಗೊತ್ತಿಲ್ಲ. ನೀರಿನ ಬಿಂದಿಗೆ ಎತ್ತಿದಾಗಲೋ, ಬಸ್ಸು ಹಂಪ್ ಹಾರಿದಾಗಲೋ. ಬೆನ್ನುಮಣಿಯ ಇಂಥ ಮುರಿತಗಳಲ್ಲಿ ಹೆಚ್ಚಿನವು ಹೀಗೆ ಯಾರಿಗೂ ತಿಳಿಯದೆ ಆಗಿಹೋಗುತ್ತವೆ.

ನಮ್ಮ ಮಾತಿನಲ್ಲೇ ಒಂದು ತೊಡಕಿದೆ. ಮಂಡಿನೋವೆಂದು ಹೋದರೆ "ಮೂಳೆ ಸವೆದಿದೆ" ಎನ್ನುತ್ತಾರೆ. ಬೆನ್ನು ಬಾಗಿದರೂ "ಮೂಳೆ ಸವೆತ" ಎನ್ನುತ್ತಾರೆ. ಮೊದಲನೆಯದು ಕೀಲಿನೊಳಗಿನ ಮೃದ್ವಸ್ಥಿ ಸವೆಯುವ ಕಾಯಿಲೆ. ಅದು ನೋಯುತ್ತದೆ, ಮೆಟ್ಟಿಲು ಹತ್ತಲು ಬಿಡುವುದಿಲ್ಲ, ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಎರಡನೆಯದು ಆಸ್ಟಿಯೋಪೊರೋಸಿಸ್, ಮೂಳೆ ಒಳಗೊಳಗೇ ಜಾಳಾಗುವುದು. ಗೆದ್ದಲು ಹಿಡಿದ ತೊಲೆಯ ಹಾಗೆ ಹೊರಗೆ ಬಣ್ಣ ಹಾಗೇ ಇರುತ್ತದೆ. ಮುರಿಯುವ ತನಕ ಸದ್ದಿಲ್ಲ. "ಟೊಳ್ಳುಮೂಳೆ" ಎಂದು ಕರೆದಿದ್ದರೆ ಅರ್ಧ ಗೊಂದಲ ಕಳೆಯುತ್ತಿತ್ತೋ ಏನೋ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಮೂಳೆಗೆ ಬೇಕಾದ್ದೆಲ್ಲ ಮಾಡಿದ್ದೇವೆ ಎಂದುಕೊಂಡಿರುವ ಹೆಂಗಸರು ಎಷ್ಟೋ ಮಂದಿ.

ಒಳಗೆ ಆಗುವುದಿಷ್ಟು. ಮೂಳೆ ಎನ್ನುವುದು ಸದಾ ರಿಪೇರಿಯಲ್ಲಿರುವ ಮನೆ. ಹಳೆಯ ಗೋಡೆ ಕೆಡಹುವ ಕೋಶಗಳ ಒಂದು ತಂಡ, ಹೊಸದು ಕಟ್ಟುವ ಇನ್ನೊಂದು ತಂಡ. ವೈದ್ಯರ ಬಾಯಲ್ಲಿ ಇವು ಆಸ್ಟಿಯೋಕ್ಲಾಸ್ಟ್ ಮತ್ತು ಆಸ್ಟಿಯೋಬ್ಲಾಸ್ಟ್. ವರ್ಷವೊಂದಕ್ಕೆ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಪಾಲು ಹೀಗೆ ಬದಲಾಗುತ್ತದೆ. ಕೆಡಹುವವರು ಎರಡು ಮೂರು ವಾರದಲ್ಲಿ ತೋಡಿದ ಗುಳಿಯನ್ನು ತುಂಬಲು ಕಟ್ಟುವವರಿಗೆ ಮೂರು ನಾಲ್ಕು ತಿಂಗಳು ಬೇಕು. ಕೆಡಹುವುದು ಯಾವತ್ತೂ ಸುಲಭ ತಾನೆ? ಈ ಎರಡು ತಂಡಗಳ ನಡುವೆ ನಿಂತ ಮೇಸ್ತ್ರಿ ಈಸ್ಟ್ರೊಜೆನ್. ಕೆಡಹುವ ಆಳುಗಳನ್ನು ಕೆಲಸಕ್ಕೆ ಕರೆಯುವ ರ‍್ಯಾಂಕ್ ಲಿಗ್ಯಾಂಡ್ ಎಂಬ ಸಂಕೇತವನ್ನು ಅದು ತಗ್ಗಿಸಿಡುತ್ತದೆ, ಕೆಲಸ ಮುಗಿದವರನ್ನು ಬೇಗ ಮನೆಗೆ ಕಳಿಸುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಮೇಸ್ತ್ರಿ ಕಾಣೆ. ಗುಳಿಗಳ ಸಂಖ್ಯೆ ಹೆಚ್ಚುತ್ತದೆ, ಆಳವೂ ಹೆಚ್ಚುತ್ತದೆ. ಜೇನುಗೂಡಿನಂತಿರುವ ಬೆನ್ನುಮಣಿ ಮತ್ತು ಮಣಿಕಟ್ಟಿನ ಮೂಳೆಗಳಿಗೆ ಪೆಟ್ಟು ಮೊದಲು.

ಈ ನಷ್ಟ ಕೊನೆಯ ಮುಟ್ಟಿಗೆ ಒಂದು ವರ್ಷ ಮೊದಲೇ ಶುರುವಾಗಿ, ಮುಟ್ಟು ನಿಂತ ಎರಡು ವರ್ಷದವರೆಗೆ ನಾಗಾಲೋಟದಲ್ಲಿ ಸಾಗಿ, ಆಮೇಲೆ ನಿಧಾನವಾಗುತ್ತದೆ ಎಂದು ಅಮೆರಿಕದ ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ತೋರಿಸಿದೆ. ಹತ್ತು ವರ್ಷದಲ್ಲಿ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ 10ರಷ್ಟು ಇಳಿದಿತ್ತು. ಮುಟ್ಟು ನಿಲ್ಲುವುದಕ್ಕೂ ಟೊಳ್ಳುಮೂಳೆಗೂ ಇರುವ ನಂಟನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವರು ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಫುಲ್ಲರ್ ಆಲ್‌ಬ್ರೈಟ್, 1940ರ ಆಸುಪಾಸಿನಲ್ಲಿ. ಅಂಡಾಶಯ ತೆಗೆದ ಹೆಂಗಸರಲ್ಲೂ ಇದೇ ಆಗುತ್ತದೆ ಎಂಬುದು ಅವರ ಕಣ್ಣಿಗೆ ಬಿದ್ದಿತ್ತು.

ಆ ಕೊನೆಯ ಮಾತು ನಮ್ಮಲ್ಲಿ ಹೆಚ್ಚು ಮುಖ್ಯ. ಭಾರತದ ಹೆಂಗಸರಿಗೆ ಸಹಜವಾಗಿಯೇ ಮುಟ್ಟು ಸರಾಸರಿ 46-47ಕ್ಕೆ ನಿಲ್ಲುತ್ತದೆ, ಪಶ್ಚಿಮದಲ್ಲಿ 51ರ ಸುಮಾರು. ಅದರ ಮೇಲೆ ಗರ್ಭಕೋಶ ತೆಗೆಸುವ ಚಾಳಿ ಬೇರೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶವನ್ನು ವಿನಾಕಾರಣ ತೆಗೆದ ಪ್ರಕರಣ ಹತ್ತು ವರ್ಷದ ಹಿಂದೆ ಬಯಲಿಗೆ ಬಂದು, ಹೋರಾಟ, ತನಿಖೆಗಳಾದದ್ದು ಓದುಗರಿಗೆ ನೆನಪಿರಬಹುದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರದ್ದೂ ಇದೇ ಕತೆ. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಗರ್ಭಕೋಶವನ್ನಷ್ಟೇ ತೆಗೆದರೆ ಅಂಡಾಶಯ ಒಳಗೇ ಉಳಿದು ಈಸ್ಟ್ರೊಜೆನ್ ಬರುತ್ತಿರುತ್ತದೆ. ಎರಡೂ ಅಂಡಾಶಯ ಹೋದರೆ ಮೇಸ್ತ್ರಿ ರಾತ್ರೋರಾತ್ರಿ ಮಾಯ. "ಆಪರೇಷನ್ ಆಗಿದೆ" ಎನ್ನುವ ಹತ್ತು ಹೆಂಗಸರನ್ನು ಕೇಳಿ ನೋಡಿ, ತನ್ನ ಹೊಟ್ಟೆಯಿಂದ ಏನೇನು ತೆಗೆದರು ಎಂದು ಎಷ್ಟು ಮಂದಿಗೆ ಗೊತ್ತಿದೆ? 35ಕ್ಕೇ ಅಂಡಾಶಯ ಕಳೆದುಕೊಂಡವಳ ಮೂಳೆಗೆ ಹನ್ನೊಂದು ಹನ್ನೆರಡು ವರ್ಷ ಮೊದಲೇ ಮುಪ್ಪು ಶುರು. ಡಿಸ್ಚಾರ್ಜ್ ಕಾಗದವನ್ನು ಪಡಿತರ ಚೀಟಿಯಷ್ಟೇ ಜೋಪಾನ ಮಾಡಬೇಕು.

ಹಾಗಾದರೆ ಊಟದಿಂದ ಏನಾದೀತು? ಇಲ್ಲಿ ಪತ್ರಿಕೆಯವರಾದ ನಾವು ಸಾಮಾನ್ಯವಾಗಿ ರಾಗಿ, ಎಳ್ಳು, ನುಗ್ಗೆಸೊಪ್ಪಿನ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಆದರೆ ಸಂಗತಿ ಅಷ್ಟು ಸಲೀಸಾಗಿಲ್ಲ. ಬೋಸ್ಟನ್‌ನಲ್ಲೇ ಬೆಸ್ ಡಾಸನ್-ಹ್ಯೂಸ್ ತಂಡ ಮುಟ್ಟು ನಿಂತ 301 ಮಹಿಳೆಯರ ಮೇಲೆ ನಡೆಸಿದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತು ಐದು ವರ್ಷ ದಾಟದವರಿಗೆ ಕ್ಯಾಲ್ಸಿಯಂ ಕೊಟ್ಟರೂ ಬೆನ್ನುಮೂಳೆಯ ನಷ್ಟ ತಗ್ಗಲಿಲ್ಲ. ಕೆಡಹುವ ತಂಡ ಕೈಗೆ ಸಿಗದೆ ಓಡುತ್ತಿರುವಾಗ ಅಂಗಳದಲ್ಲಿ ಇಟ್ಟಿಗೆ ರಾಶಿ ಹಾಕಿ ಫಲವೇನು? ಆದರೆ ಆರು ವರ್ಷ ಕಳೆದವರಲ್ಲಿ, ದಿನಕ್ಕೆ 400 ಮಿಲಿಗ್ರಾಂಗಿಂತ ಕಡಿಮೆ ಕ್ಯಾಲ್ಸಿಯಂ ತಿನ್ನುತ್ತಿದ್ದವರಿಗೆ, ಅದೇ ಕ್ಯಾಲ್ಸಿಯಂ ಚೆನ್ನಾಗಿ ಹಿಡಿಯಿತು.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಹೇಳಬೇಕಾದ ಮಾತೆಲ್ಲ ಈ ಎರಡು ಫಲಿತಾಂಶಗಳಲ್ಲಿದೆ. ಬಿರುಗಾಳಿಯ ಆ ಮೊದಲ ವರ್ಷಗಳಲ್ಲಿ ರಾಗಿಮುದ್ದೆ ಈಸ್ಟ್ರೊಜೆನ್ ಆಗಲಾರದು. ಈಸ್ಟ್ರೊಜೆನ್‌ನ ಕೆಲಸ ಮಾಡುತ್ತದೆಂದು ಯಾರಾದರೂ ಪುಡಿ, ಕಷಾಯ, ಸೋಯಾ ಮಾತ್ರೆ ಮಾರಿದರೆ ನಂಬಬೇಡಿ. ಸೋಯಾದಲ್ಲಿರುವ ಈಸ್ಟ್ರೊಜೆನ್‌ನಂಥ ವಸ್ತುಗಳ ಬಲ ತೀರಾ ಕಮ್ಮಿ, ಪ್ರಯೋಗಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದರೆ ಗಾಳಿ ನಿಂತ ಮೇಲಿನ ಇಪ್ಪತ್ತು ಮೂವತ್ತು ವರ್ಷಗಳಿಗೆ ತಟ್ಟೆ ಮುಖ್ಯ. ಅದರಲ್ಲೂ ಈವರೆಗೆ ಕಮ್ಮಿ ತಿಂದವರ ತಟ್ಟೆ. ಅಮೆರಿಕದಲ್ಲಿ 36,282 ಮಹಿಳೆಯರಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟ ದೊಡ್ಡ ಪ್ರಯೋಗದಲ್ಲಿ (2006) ಸೊಂಟದ ಮುರಿತ ಗಣನೀಯವಾಗಿ ತಗ್ಗಲಿಲ್ಲ, ಮೂತ್ರಪಿಂಡದ ಕಲ್ಲು ಮಾತ್ರ ಶೇ 17ರಷ್ಟು ಹೆಚ್ಚಿತು. ಅವರಲ್ಲಿ ಹೆಚ್ಚಿನವರು ಮೊದಲೇ ಸಾಕಷ್ಟು ಹಾಲು, ಚೀಸು ತಿನ್ನುತ್ತಿದ್ದವರು. ಫ್ರಾನ್ಸಿನ ಲಿಯಾನ್ ಸುತ್ತಲಿನ ವೃದ್ಧಾಶ್ರಮಗಳ ಅಜ್ಜಿಯರಿಗೆ ಅದೇ ಜೋಡಿಯನ್ನು ಕೊಟ್ಟಾಗ (1992) ಸೊಂಟದ ಮುರಿತ ಶೇ 43ರಷ್ಟು ಇಳಿಯಿತು. ಅವರ ಕಣಜ ಖಾಲಿಯಿತ್ತು.

ನನಗೆ ಹೆಚ್ಚು ಹಿಡಿಸಿದ್ದು ಆಸ್ಟ್ರೇಲಿಯಾದ ಪ್ರಯೋಗ, ಏಕೆಂದರೆ ಅದರಲ್ಲಿ ಮಾತ್ರೆಯೇ ಇಲ್ಲ. 60 ವೃದ್ಧಾಶ್ರಮಗಳು, ಏಳು ಸಾವಿರಕ್ಕೂ ಹೆಚ್ಚು ಮಂದಿ, ಸರಾಸರಿ ವಯಸ್ಸು 86. ಅರ್ಧ ಆಶ್ರಮಗಳ ಅಡುಗೆಮನೆಯಲ್ಲಿ ಹಾಲು, ಮೊಸರು, ಚೀಸು ಹೆಚ್ಚಿಸಿದರು, ಉಳಿದ ಕಡೆ ಹಳೆಯ ಊಟವೇ. ದಿನಕ್ಕೆ 600 ಮಿಲಿಗ್ರಾಂ ಇದ್ದ ಕ್ಯಾಲ್ಸಿಯಂ 1,100 ದಾಟಿತು, ದೇಹತೂಕದ ಪ್ರತಿ ಕಿಲೋಗೆ ಒಂದು ಗ್ರಾಂಗೂ ಕಡಿಮೆಯಿದ್ದ ಪ್ರೋಟೀನ್ 1.1 ಗ್ರಾಂಗೆ ಏರಿತು. ಎರಡು ವರ್ಷದಲ್ಲಿ ಒಟ್ಟು ಮುರಿತ ಶೇ 33, ಸೊಂಟದ ಮುರಿತ ಶೇ 46ರಷ್ಟು ಕಡಿಮೆ. ಬೀಳುವುದೂ ಶೇ 11ರಷ್ಟು ತಗ್ಗಿತು. ಎಂಬತ್ತಾರನೇ ವಯಸ್ಸಿನಲ್ಲಿ ಒಂದು ಬಟ್ಟಲು ಮೊಸರು ಇಷ್ಟು ಕೆಲಸ ಮಾಡಿತು ಎಂದರೆ, ವಯಸ್ಸಾಯಿತು ಇನ್ನೇನು ಎನ್ನುವ ನಮ್ಮ ರಾಗವನ್ನು ಸ್ವಲ್ಪ ತಗ್ಗಿಸಬೇಕು.

ಈಗ ನಮ್ಮ ತಟ್ಟೆಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರ ಕ್ಯಾಲ್ಸಿಯಂ ಅಗತ್ಯವನ್ನು ದಿನಕ್ಕೆ 600ರಿಂದ 1,000 ಮಿಲಿಗ್ರಾಂಗೆ ಏರಿಸಿತು, ಮುಟ್ಟು ನಿಂತ ಮಹಿಳೆಯರಿಗೆ 1,200 ಎಂದಿತು. ಅದೇ ಸಂಸ್ಥೆಯ ಕೋಷ್ಟಕದ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಜೋಳದಲ್ಲಿ 30ರೊಳಗೆ. ರಾಗಿಯಲ್ಲಿ 364! ಧಾನ್ಯಗಳ ಸಾಲಿನಲ್ಲಿ ಇದರ ಹತ್ತಿರ ಸುಳಿಯುವವರಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಇಲ್ಲಿನ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ತಲೆಯಲ್ಲಿದ್ದದ್ದು ಇಳುವರಿ. ಆದರೆ ಅವರು ತುಂಬಿಸಿದ್ದು ಎಷ್ಟೋ ಮನೆಗಳ ಮೂಳೆಯ ಹಗೇವನ್ನೂ ಹೌದು.

ಹಗೇವು ಎಂದೆ, ಆ ಹೋಲಿಕೆ ಸುಮ್ಮನೆ ಬಂದದ್ದಲ್ಲ. ಮೈಯ ಕ್ಯಾಲ್ಸಿಯಂನಲ್ಲಿ ಶೇ 99 ಮೂಳೆಯಲ್ಲಿದೆ, ವಯಸ್ಕರಲ್ಲಿ ಹೆಚ್ಚು ಕಡಿಮೆ ಒಂದು ಕಿಲೋ. ರಕ್ತಕ್ಕೆ ಬೇಕಾದದ್ದು ಚಿಟಿಕೆಯಷ್ಟು, ಆದರೆ ಆ ಚಿಟಿಕೆ ತಪ್ಪಿದರೆ ಹೃದಯ, ಸ್ನಾಯು ನಡೆಯುವುದಿಲ್ಲ. ಊಟದಲ್ಲಿ ಬಾರದಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಹಗೇವಿಗೆ ಇಳಿದು ಮೊಗೆದು ತರುತ್ತದೆ. ಮೂವತ್ತರ ಹೊತ್ತಿಗೆ ಹಗೇವು ತುಂಬುವ ಕಾಲ ಮುಗಿಯುತ್ತದೆ. ಆಮೇಲೆ ತೆಗೆಯುವುದನ್ನು ಕಮ್ಮಿ ಮಾಡಬಹುದು, ಅಷ್ಟೇ.

ಆದರೆ ರಾಗಿಯಲ್ಲಿ ಇರುವುದೆಲ್ಲ ಮೈಗೆ ದಕ್ಕುವುದಿಲ್ಲ. ಅದರ ಫೈಟೇಟ್ ಮತ್ತು ಟ್ಯಾನಿನ್‌ಗಳು ಒಂದಿಷ್ಟನ್ನು ಹಿಡಿದಿಡುತ್ತವೆ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು, ರಾತ್ರಿ ಕಲಸಿಟ್ಟು ಹುಳಿಬಂದ ಅಂಬಲಿ, ಇವು ಆ ಹಿಡಿತವನ್ನು ಸಡಿಲಿಸುತ್ತವೆ. ಮಕ್ಕಳಿಗೆಂದು ಮಾಡುವ ರಾಗಿ ಸರಿಯನ್ನು ಅಜ್ಜಿಯೂ ಕುಡಿಯಲಿ. ಸೊಪ್ಪಿನಲ್ಲೂ ಜಾತಿಭೇದವಿದೆ. ಪಾಲಕ್‌ನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಿಡುವುದೇ ಇಲ್ಲ, ಇಪ್ಪತ್ತರಲ್ಲಿ ಒಂದು ಪಾಲು ದಕ್ಕಿದರೆ ಹೆಚ್ಚು. ನುಗ್ಗೆಸೊಪ್ಪಿನಲ್ಲಿ 100 ಗ್ರಾಂಗೆ 300 ದಾಟಿ ಇದೆ. ಹುರಳಿಯಲ್ಲಿ 270ರ ಹತ್ತಿರ. ಹಾಗೆ ನೋಡಿದರೆ ಮುದ್ದೆ, ಹುರಳಿ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ, ಮೇಲೊಂದು ಲೋಟ ಮಜ್ಜಿಗೆ ಎಂಬ ಹಳೇ ಮೈಸೂರಿನ ಊಟಕ್ಕೆ ಯಾವ ಡಯಟಿಶಿಯನ್ನೂ ಏನನ್ನೂ ಸೇರಿಸಬೇಕಿಲ್ಲ. ರೊಟ್ಟಿಯ ಸೀಮೆಯವರಿಗೆ ಮೊಸರು, ಕಾಳುಪಲ್ಯಗಳೇ ಆಸರೆ. ಕರಾವಳಿಯ ಅನ್ನಕ್ಕೆ ಮುಳ್ಳು ಸಮೇತ ಜಗಿಯುವ ಬೊಳೆಂಜಿರ್‌ನಂಥ ಸಣ್ಣ ಮೀನು ಜೊತೆಯಾದರೆ ಲೆಕ್ಕ ಸರಿಹೋಗುತ್ತದೆ. ಎಳ್ಳಿನ ವಿಷಯದಲ್ಲಿ ಸ್ವಲ್ಪ ನಿರಾಸೆ. ಕ್ಯಾಲ್ಸಿಯಂ ಇರುವುದು ಬಹುಪಾಲು ಅದರ ಸಿಪ್ಪೆಯಲ್ಲಿ. ಸಂಕ್ರಾಂತಿಗೆ ಬೀರುವ ತೊಳೆದು ಬೆಳ್ಳಗೆ ಮಾಡಿದ ಎಳ್ಳಿನಲ್ಲಿ ಉಳಿಯುವುದು ಅಲ್ಪ. ಸಿಪ್ಪೆಯೊಳಗಿನದ್ದೂ ಹೆಚ್ಚಾಗಿ ಆಕ್ಸಲೇಟ್‌ನ ಕೈಯಲ್ಲಿ.

ಹಾಲಿನದ್ದು ನೇರ ಲೆಕ್ಕ. ಅರ್ಧ ಲೀಟರಿನ ಒಂದು ಪ್ಯಾಕೆಟ್‌ನಲ್ಲಿ ಸುಮಾರು 600 ಮಿಲಿಗ್ರಾಂ, ಅದರಲ್ಲಿ ಮೂರನೇ ಒಂದು ಪಾಲಿನಷ್ಟು ದಕ್ಕುತ್ತದೆ. ತೊಡಕು ಬೇರೆಯೇ. ಮನೆಗೆ ಬಂದ ಹಾಲು ಮೊದಲು ಮೊಮ್ಮಗುವಿಗೆ, ಆಮೇಲೆ ಎಲ್ಲರ ಕಾಫಿಗೆ, ಉಳಿದದ್ದು ಹೆಪ್ಪಿಗೆ. ಆ ಮೊಸರು ಗಂಡಸರ ಅನ್ನದ ಮೇಲೆ ಬಿದ್ದು, ಕೊನೆಗೆ ಕೂತವಳಿಗೆ ಪಾತ್ರೆ ತೊಳೆದ ಮಜ್ಜಿಗೆ. ಪ್ರೋಟೀನಿನ ಗತಿಯೂ ಅದೇ. ಬೇಳೆ ತಳದಲ್ಲಿ, ತಿಳಿ ಇವಳ ತಟ್ಟೆಯಲ್ಲಿ. ರಾತ್ರಿಗೆ ಸಾರನ್ನ, ಸೋಮವಾರ ಒಪ್ಪತ್ತು, ಏಕಾದಶಿ ಉಪವಾಸ. ಮೂಳೆಯ ಗಾತ್ರದಲ್ಲಿ ಅರ್ಧದಷ್ಟು ಪ್ರೋಟೀನೇ. ಅದಿಲ್ಲದೆ ಕ್ಯಾಲ್ಸಿಯಂ ಕೂರುವ ಚೌಕಟ್ಟೇ ಇರುವುದಿಲ್ಲ. ಬಿದ್ದಾಗ ಹಿಡಿದುಕೊಳ್ಳುವ ಸ್ನಾಯುವಿಗೂ ಅದೇ ಬೇಕು.

ಉಪ್ಪಿನಕಾಯಿ ಪ್ರಿಯರಿಗೆ ಒಂದು ಕಹಿ ಸುದ್ದಿ: ಸುಮಾರು ಆರು ಗ್ರಾಂ ಉಪ್ಪು ಮೂತ್ರದಲ್ಲಿ ಹೋಗುವಾಗ 40 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನು ಜೊತೆಗೆ ಎಳೆದೊಯ್ಯುತ್ತದೆ. ಸಂಡಿಗೆ, ಹಪ್ಪಳ, ಉಪ್ಪಿನಕಾಯಿಯ ನಮ್ಮ ದಿನ ಆರು ಗ್ರಾಂಗೆ ನಿಲ್ಲುವುದಿಲ್ಲ. ಕಾಫಿಯ ಅಪರಾಧ ಸಣ್ಣದು, ಅದಕ್ಕೆ ಹಾಕುವ ಹಾಲು ಬಹುಮಟ್ಟಿಗೆ ಪರಿಹಾರ ಕೊಟ್ಟುಬಿಡುತ್ತದೆ. ಎಲೆಯಡಿಕೆಯ ಸುಣ್ಣದಿಂದ ಮೂಳೆ ಗಟ್ಟಿ ಎನ್ನುವ ಅಜ್ಜಿಯರ ಮಾತಿದೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದೇನೋ ನಿಜ, ಆದರೆ ಜೊತೆಗಿರುವ ಅಡಿಕೆ ಬಾಯಿಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಮಲೆನಾಡಿನವರು ಬೈಯ್ಯಬಹುದು.

ಬಿಸಿಲಿನ ನಾಡಿನಲ್ಲಿ ವಿಟಮಿನ್ ಡಿ ಕೊರತೆ ಎಂದರೆ ನಂಬುವುದು ಕಷ್ಟ. ಪಕ್ಕದ ತಿರುಪತಿಯಲ್ಲಿ ಮುಟ್ಟು ನಿಂತ 164 ಆರೋಗ್ಯವಂತ ಮಹಿಳೆಯರ ರಕ್ತ ನೋಡಿದಾಗ ಶೇ 82 ಮಂದಿಯಲ್ಲಿ ಅದು ಸಾಲದಾಗಿತ್ತು. ಅದೇ ಸೀಮೆಯ ಹಳ್ಳಿಗರಲ್ಲೂ, ಬಿಸಿಲಲ್ಲೇ ದುಡಿಯುವವರಲ್ಲೂ ಕೊರತೆ ಕಂಡಿತು. ಕಾರಣ ಊಟದಲ್ಲಿತ್ತು: ಕ್ಯಾಲ್ಸಿಯಂ ಕಡಿಮೆಯಾದಾಗ ಮೈ ತನ್ನಲ್ಲಿರುವ ಡಿಯನ್ನು ಬೇಗ ಬೇಗ ಖರ್ಚು ಮಾಡುತ್ತದೆ. ಬೆಳಗಿನ ಏಳರ ಎಳೆಬಿಸಿಲು ಹಿತ, ಆದರೆ ಚರ್ಮ ಡಿ ತಯಾರಿಸಲು ಬೇಕಾದ ಕಿರಣ ಅದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು. ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು, ಅಂದರೆ ಹತ್ತು ಹನ್ನೊಂದರಿಂದ ಮೂರರೊಳಗೆ, ಹಪ್ಪಳ ಒಣಗಿಸುವ ಸಮಯ, ಅದೇ ಸರಿ. ಮಾತ್ರೆ ಬೇಕಾದವರು ಡಾಕ್ಟರು ಹೇಳಿದ ಅಳತೆಯಲ್ಲಿ ತೆಗೆದುಕೊಳ್ಳಲಿ, ಹೆಚ್ಚಾದರೆ ಒಳ್ಳೆಯದೇ ಎಂಬ ಧೋರಣೆ ಬೇಡ. ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಒಟ್ಟಿಗೆ ಕೊಟ್ಟ ಆಸ್ಟ್ರೇಲಿಯಾದ ಪ್ರಯೋಗದಲ್ಲಿ (2010) ಮಹಿಳೆಯರು ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು.

ಕ್ಯಾಲ್ಸಿಯಂ ಮಾತ್ರೆಯಲ್ಲಿ ಅಗ್ಗದ ಕಾರ್ಬೊನೇಟ್ ರೂಪಕ್ಕೆ ಜಠರದ ಆಮ್ಲ ಬೇಕು, ಊಟದ ಜೊತೆಗೇ ನುಂಗಬೇಕು. ಒಮ್ಮೆಗೆ 500 ಮಿಲಿಗ್ರಾಂ ಮೀರಿದರೆ ಮೈ ಹೀರುವ ಪಾಲು ಇಳಿಯುತ್ತದೆ. ಬೆಳಿಗ್ಗೆ ಥೈರಾಯ್ಡ್ ಗುಳಿಗೆ ನುಂಗುವವರು ನಡುವೆ ನಾಲ್ಕು ಗಂಟೆ ಬಿಡಬೇಕು. ಇದನ್ನು ಯಾರೂ ಹೇಳದೆ ಎರಡನ್ನೂ ಒಟ್ಟಿಗೆ ನುಂಗಿ ಥೈರಾಯ್ಡ್ ಗುಳಿಗೆ ದಂಡವಾದವರನ್ನು ಕಂಡಿದ್ದೇನೆ. ಇನ್ನು ಕಿಡ್ನಿಯಲ್ಲಿ ಕಲ್ಲಾಗುತ್ತದೆಂದು ಹಾಲು ಬಿಟ್ಟವರು. ಊಟದೊಳಗಿನ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟ್ ಅನ್ನು ಕಟ್ಟಿಹಾಕಿ ಕಲ್ಲನ್ನು ತಡೆಯುತ್ತದೆ. ಹೆಚ್ಚಿಸುವುದು ಊಟವಿಲ್ಲದ ಹೊತ್ತಿನ ಮಾತ್ರೆ.

ಆ ಮೊದಲ ವರ್ಷಗಳ ಬಿರುಗಾಳಿಗೆ, ಅಥವಾ ಆಗಲೇ ಮುರಿದವರಿಗೆ, ಔಷಧಿಗಳಿವೆ. ಹಾರ್ಮೋನು ಚಿಕಿತ್ಸೆ ಸೊಂಟದ ಮುರಿತವನ್ನು ಮೂರನೇ ಒಂದರಷ್ಟು ತಗ್ಗಿಸುತ್ತದೆಂದು ತೋರಿಸಿದ 2002ರ ಪ್ರಯೋಗವೇ ಅದರ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಅಪಾಯವನ್ನೂ ತೋರಿಸಿತು. ಯಾರಿಗೆ ಕೊಡಬೇಕು, ಎಷ್ಟು ಕಾಲ ಎಂಬುದು ವೈದ್ಯರೊಡನೆ ಕೂತು ತೀರ್ಮಾನಿಸುವ ಮಾತು. ಬಹಳ ಬೇಗ ಅಂಡಾಶಯ ಕಳೆದುಕೊಂಡವರಿಗೆ ಮಾತ್ರ ಈ ಚರ್ಚೆಯನ್ನು ಮುಂದೂಡಬಾರದು. ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಇದೆ. ಖಾಲಿಹೊಟ್ಟೆಯಲ್ಲಿ, ಬರೀ ನೀರಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗಿರಬೇಕು. ಅಷ್ಟು ಹೊತ್ತು ಕಾಫಿಯಿಲ್ಲ ಎಂದದ್ದಕ್ಕೆ ದೊಡ್ಡಮ್ಮ ಒಂದು ವಾರ ಮಾತು ಬಿಟ್ಟಿದ್ದರು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ದೊಡ್ಡಮ್ಮನ ಅಂಕಿ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಎರಡು ಮಣಿ ಮುರಿದಿದ್ದರೂ! ಡಾಕ್ಟರು ಯಾವ ಊರಿನ ನೀರು ಕುಡಿದಿರಿ ಎಂದು ಕೇಳಿದರು. ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಮೂಳೆಯನ್ನು ಸಾಂದ್ರವಾಗಿ ತೋರಿಸುತ್ತಲೇ ಪೆಡಸು ಮಾಡುತ್ತದೆ, ಯಂತ್ರ ಮೋಸಹೋಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಆ ವಿಷದ ಹಾವಳಿ ಜೋರು. ಕಲ್ಯಾಣಮಂಟಪದಲ್ಲಿ ಹಿಮ್ಮಡಿಗೆ ಯಂತ್ರ ಒತ್ತಿ "ನಿಮ್ಮದು ಮೈನಸ್ ಇದೆ" ಎಂದು ಚೀಟಿ, ಜೊತೆಗೆ ಡಬ್ಬಿ ಪುಡಿ ಕೊಡುವ ಉಚಿತ ಶಿಬಿರಗಳ ಮಾತನ್ನಂತೂ ಬಿಡಿ.

ಎಕ್ಸ್‌ರೇ ಹಾಳೆಯನ್ನು ಕವರಿಗೆ ಹಾಕುತ್ತಿದ್ದಾಗ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು, ಮೊದಲು ಎಲ್ಲಾದರೂ ಮೂಳೆ ಮುರಿದಿತ್ತೇ ಎಂದು. ದೊಡ್ಡಮ್ಮ ಎಡ ಮಣಿಕಟ್ಟು ಮುಂದೆ ಮಾಡಿದರು. ಸ್ವಲ್ಪ ಸೊಟ್ಟಗಿತ್ತು. ಶಾಲೆಯ ಅಂಗಳದಲ್ಲಿ, ಧ್ವಜದ ಕಟ್ಟೆಯ ಹತ್ತಿರ ಕಾಲು ಜಾರಿ ಕೈಯೂರಿದ್ದು. ಪುತ್ತೂರು ಕಟ್ಟು ಹಾಕಿಸಿಕೊಂಡು ಬಂದು ಮೂರನೇ ದಿನಕ್ಕೆ ಶಾಲೆಗೆ ಹೋಗಿದ್ದರಂತೆ.

"ಆಗ ಎಷ್ಟು ವಯಸ್ಸು?"

"ಐವತ್ತು ಇರಬೇಕು. ಮುಟ್ಟು ನಿಂತು ಮೂರು ವರ್ಷ ಆಗಿತ್ತು" ಎಂದರು ದೊಡ್ಡಮ್ಮ. ಆ ಎರಡನ್ನೂ ಒಂದೇ ಉಸಿರಿನಲ್ಲಿ ಅವರು ಹೇಳಿದ್ದು ಅದೇ ಮೊದಲು. ಪಕ್ಕದಲ್ಲಿ ಕೂತಿದ್ದ ನನ್ನ ಅಕ್ಕ, 48, ತನ್ನ ಬ್ಯಾಗಿನಿಂದ ಪೆನ್ನು ತೆಗೆದು ಡಾಕ್ಟರ ಚೀಟಿಯ ಹಿಂದೆ ಏನೋ ಬರೆದುಕೊಂಡಳು. ಇಣುಕಿ ನೋಡಿದೆ. ತನ್ನ ಎತ್ತರ, ಆ ದಿನದ ತಾರೀಖು.